ಋಣವೂ ಪುನಃಪರೀಕ್ಷೆಯೂ

ಯುದ್ಧದಲ್ಲಿ ಅಂಗಹೀನನಾಗಿ ಬಂದ ಯೋಧನಿಗೆ ರಾಜ್ಯವು ಜೀವನವೇತನವನ್ನು ಗೊತ್ತುಮಾಡಿಕೊಡುವುದು ಧರ್ಮವೆಂಬುದರಲ್ಲಿ ಯಾರಿಗೂ ಸಂಶಯವಿರಲಾರದು. ಆದರೆ ಒಮ್ಮೆ ಹಾಗೆ ಗೊತ್ತುಮಾಡಿದ ಮೇಲೆ, ಕೆಲವು ವರ್ಷಗಳು ಕಳೆದ ಬಳಿಕ ಆತನನ್ನು ಮರಳಿ ಕರೆಯಿಸಿ, ನಿನ್ನ ಗಾಯವು ಮೊದಲಿನಷ್ಟೇ ಇದೆಯೋ ಕಡಮೆಯಾಗಿದೆಯೋ ತೋರಿಸು ಎಂದು ವೈದ್ಯನ ಮುಂದೆ ನಿಲ್ಲಿಸುವುದು ಧರ್ಮವೇ? ಕೊಟ್ಟದ್ದನ್ನು ಮತ್ತೆ ತೂಗುವ ಅಧಿಕಾರವು ಕೊಟ್ಟವನಿಗುಂಟೇ? ತೂಗಿಸಿಕೊಳ್ಳುವವನು ಆಗ ಹೇಗೆ ನಡೆದುಕೊಳ್ಳತಕ್ಕದ್ದು? ಮೇಲುನೋಟಕ್ಕೆ ಬರಿಯ ದಫ್ತರದ ವ್ಯವಹಾರವೆಂದು ತೋರುವ ಈ ಪ್ರಶ್ನೆಯೊಳಗೆ ದಯೆ, ಋಣ, ಸತ್ಯ ಎಂಬ ಮೂರು ಹಳೆಯ ಮಾತುಗಳು ಅಡಗಿವೆ. ಅವುಗಳನ್ನು ಬಿಡಿಸಿ ನೋಡುವುದು ವಿಚಾರಶೀಲರಾದ ವಾಚಕರಿಗೆ ಅಪ್ರಿಯವಾಗಲಾರದು.

ಈ ವ್ಯವಹಾರವು ಬಹು ವಿಸ್ತಾರವಾಗಿ ನಡೆಯುತ್ತಿರುವುದು ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ. ಆ ರಾಜ್ಯವು ತನ್ನ ಸ್ವಾತಂತ್ರ್ಯವನ್ನು ಸಾರಿದ ಎರಡು ತಿಂಗಳೊಳಗಾಗಿಯೇ, ಎಂದರೆ 1776ನೆಯ ಇಸವಿ ಆಗಸ್ಟ್ 26ರಂದು, ಯುದ್ಧದಲ್ಲಿ ಅಂಗವನ್ನು ಕಳೆದುಕೊಂಡು ದುಡಿದುಣ್ಣಲಾರದವರಾದ ಸೈನಿಕರಿಗೆ ಅರ್ಧ ಸಂಬಳವನ್ನು ಕೊಡುವೆನೆಂದು ಮಾತು ಕೊಟ್ಟಿತು. ಇಂದು ಅಲ್ಲಿ ಪ್ರತಿಯೊಂದು ಗಾಯಕ್ಕೂ ವ್ಯಾಧಿಗೂ ಶೇಕಡ ಇಷ್ಟೆಂದು ಬೆಲೆ ಕಟ್ಟುವ ಒಂದು ದೊಡ್ಡ ಪಟ್ಟಿಯಿದೆ. ಸೊನ್ನೆಯಿಂದ ನೂರರವರೆಗೆ ಹತ್ತು ಹತ್ತರ ಮೆಟ್ಟಲುಗಳು. ಸಾಮಾನ್ಯ ಮನುಷ್ಯನೊಬ್ಬನಿಗೆ ಅಂತಹ ವೈಕಲ್ಯದಿಂದ ಸರಾಸರಿಯಲ್ಲಿ ಎಷ್ಟು ಸಂಪಾದನೆ ತಪ್ಪುವುದೋ ಅದೇ ಈ ಬೆಲೆಗೆ ಆಧಾರ. ಒಬ್ಬನಿಗೆ ಐವತ್ತರ ಗಾಯವೊಂದು, ಮೂವತ್ತರ ಗಾಯ ಮತ್ತೊಂದು ಇದ್ದರೆ ಎರಡೂ ಕೂಡಿ ಎಂಬತ್ತಾಗುವುದಿಲ್ಲ. ಮೊದಲನೆಯದು ಮನುಷ್ಯನಲ್ಲಿ ಅರ್ಧವನ್ನು ಕಳೆಯಿತು. ಎರಡನೆಯದು ಉಳಿದ ಅರ್ಧದಲ್ಲಿ ಹತ್ತರ ಮೂರು ಪಾಲನ್ನು ಕಳೆಯಿತು. ಆದ್ದರಿಂದ ಒಟ್ಟು ಅರುವತ್ತೈದು, ಅದನ್ನು ಹತ್ತರ ಮೆಟ್ಟಲಿಗೆ ಏರಿಸಿದರೆ ಎಪ್ಪತ್ತು. ಲೆಕ್ಕವು ನಿರ್ದುಷ್ಟವಾಗಿದೆ. ಆದರೆ ಮನುಷ್ಯನನ್ನು ಹೀಗೆ ಭಿನ್ನರಾಶಿಯಲ್ಲಿ ಕಂಡಾಗ ಓದುವವನಿಗೆ ಒಂದು ನಿಮಿಷ ಮನಸ್ಸು ನಿಂತುಹೋಗುವುದೂ ಸಹಜ.

ಗುಣವಾಗುವ ಸಂಭವವುಳ್ಳ ವೈಕಲ್ಯವಾದರೆ, ಸಾಮಾನ್ಯವಾಗಿ ಎರಡರಿಂದ ಐದು ವರ್ಷಗಳೊಳಗೆ ಪುನಃಪರೀಕ್ಷೆಗೆ ಕರೆ ಬರುತ್ತದೆ. ತಕ್ಕ ಕಾರಣವಿಲ್ಲದೆ ಹೋಗದಿದ್ದರೆ ವೇತನವು ಇಳಿಯಬಹುದು, ನಿಲ್ಲಲೂಬಹುದು. ಹೋದರೆ ವೈದ್ಯನ ಬರವಣಿಗೆಯ ಮೇಲೆ ಹೆಚ್ಚಬಹುದು, ಹಾಗೆಯೇ ಉಳಿಯಬಹುದು, ಇಲ್ಲವೇ ತಗ್ಗಬಹುದು. ಕರೆಯ ಕಾಗದವು ಕೈಸೇರಿದ ದಿನದಿಂದ ಪರೀಕ್ಷೆಯ ದಿನದವರೆಗೆ ಆ ಮನೆಯಲ್ಲಿ ನೆಮ್ಮದಿಯ ನಿದ್ರೆಯಿರುವುದಿಲ್ಲವೆಂಬುದನ್ನು ಊಹಿಸಲು ಕಷ್ಟವೇನಿಲ್ಲ. ಮನೆಯ ಬಾಡಿಗೆ, ಮಕ್ಕಳ ವಿದ್ಯಾಭ್ಯಾಸ, ಔಷಧದ ವೆಚ್ಚ ಇವೆಲ್ಲವೂ ಆ ಒಂದು ಅಂಕೆಯ ಮೇಲೆ ನಿಂತಿರುವುವು. ಅದಕ್ಕಿಂತಲೂ ಆಳವಾದ ವ್ಯಥೆಯೊಂದಿದೆ: ಮುಗಿಯಿತೆಂದು ತಿಳಿದಿದ್ದ ಸಾಕ್ಷ್ಯವನ್ನು ಆತನು ಮತ್ತೆ ಹೇಳಬೇಕು, ನಿಜವಾಗಿ ನೊಂದವನೆಂಬುದನ್ನು ಎರಡನೆಯ ಸಲ ಸಾಧಿಸಬೇಕು.

ಇದು ಹೊಸ ಕಾಲದ ಪೀಡೆಯೆಂದು ತಿಳಿಯಬೇಕಾಗಿಲ್ಲ. ಪ್ರಾಚೀನ ಗ್ರೀಸಿನ ಅಥೆನ್ಸ್ ಪಟ್ಟಣದಲ್ಲಿ ಯುದ್ಧದಲ್ಲಿ ಅಂಗಭಂಗವಾದವರನ್ನು ಸಾರ್ವಜನಿಕ ಧನದಿಂದ ಪೋಷಿಸುವ ಕಟ್ಟಳೆಯನ್ನು ಪೈಸಿಸ್ಟ್ರಾಟಸನು ಮಾಡಿದನೆಂದು ಪ್ಲುಟಾರ್ಕನು ಬರೆದಿದ್ದಾನೆ. ಅದಕ್ಕೂ ಮೊದಲೇ ಸೋಲನನು ಒಬ್ಬ ಅಂಗವಿಕಲನ ಸಂಗತಿಯಲ್ಲಿ ಹೀಗೆಯೇ ಮಾಡಿದ್ದನೆಂಬ ಹೇಳಿಕೆಯನ್ನೂ ಆತನೇ ಕೊಟ್ಟಿದ್ದಾನೆ. ಕಾಲಕ್ರಮದಲ್ಲಿ ಈ ಸಹಾಯವು ದುಡಿಯಲಾರದ ಬಡವರೆಲ್ಲರಿಗೂ ವಿಸ್ತರಿಸಿತು. ಅರಿಸ್ಟಾಟಲನ ಕಾಲಕ್ಕೆ, ಮೂರು ಮೀನಾಗಳಿಗಿಂತ ಕಡಮೆ ಆಸ್ತಿಯುಳ್ಳವರಾಗಿ, ಯಾವ ಕೆಲಸವನ್ನೂ ಮಾಡಲಾರದಷ್ಟು ಅಂಗಹೀನರಾದವರನ್ನು ಪೌರಸಭೆಯು ಪರೀಕ್ಷಿಸಿ ದಿನಕ್ಕೆ ಎರಡು ಓಬಲುಗಳನ್ನು ಕೊಡುತ್ತಿದ್ದಿತು.

ಅದಕ್ಕೂ ಹಿಂದೆ, ದಿನಕ್ಕೆ ಒಂದೇ ಓಬಲು ಸಲ್ಲುತ್ತಿದ್ದ ಕಾಲದಲ್ಲಿ, ಕ್ರಿ.ಪೂ. 400ರ ಸುಮಾರಿಗೆ ಆ ಸಭೆಯ ಮುಂದೆ ನಿಂತ ಒಬ್ಬ ವಿಕಲನ ವಾದವು ಲೀಸಿಯಸನೆಂಬ ಭಾಷಣಕಾರನ ಹೆಸರಿನಲ್ಲಿ ಉಳಿದು ಬಂದಿದೆ. ಆ ವಿಕಲನು ಎರಡು ಊರುಗೋಲುಗಳ ಮೇಲೆ ನಡೆಯುತ್ತ ಸಣ್ಣದೊಂದು ಕಸುಬಿನಿಂದ ಹೊಟ್ಟೆ ಹೊರೆಯುತ್ತಿದ್ದವನು. ಅವನು ಕುದುರೆ ಏರುವುದನ್ನು ಕಂಡ ಒಬ್ಬ ಪುರವಾಸಿಯು, ಕುದುರೆ ಏರಬಲ್ಲವನಿಗೆ ವೈಕಲ್ಯವೆಲ್ಲಿಯದು ಎಂದು ದೂರು ಕೊಟ್ಟನು. ವಿಕಲನ ಉತ್ತರವು ಮನನೀಯವಾಗಿದೆ. ಹಣವಿದ್ದಿದ್ದರೆ ತಡಿ ಹಾಕಿದ ಹೇಸರಗತ್ತೆಯನ್ನೇ ಏರುತ್ತಿದ್ದೆನು. ಅದಕ್ಕೆ ಗತಿಯಿಲ್ಲದ್ದರಿಂದ ದೂರದ ದಾರಿಗೆ ಅನ್ಯರ ಕುದುರೆಯನ್ನು ಎರವು ತರುತ್ತೇನೆ. ಉಳಿದವರು ಒಂದು ಕೋಲನ್ನು ಹಿಡಿದರೆ ನಾನು ಎರಡನ್ನು ಹಿಡಿಯುತ್ತೇನಲ್ಲಾ, ಅದನ್ನೂ ನನ್ನ ಶಕ್ತಿಗೆ ಸಾಕ್ಷಿಯೆಂದು ಏಕೆ ಹೇಳಬಾರದು—ಇದು ಅವನ ವಾದದ ತಾತ್ಪರ್ಯ. ವೈಕಲ್ಯವನ್ನು ಮೀರಲು ಮಾಡುವ ಪ್ರಯತ್ನವನ್ನೇ ವೈಕಲ್ಯವಿಲ್ಲವೆಂಬುದಕ್ಕೆ ಪ್ರಮಾಣವಾಗಿ ಹಿಡಿಯುವ ತರ್ಕದೋಷವನ್ನು ಇಷ್ಟು ಸುಲಭವಾಗಿ ಬಯಲಿಗೆಳೆದವರು ವಿರಳ. ಎರಡು ಸಾವಿರದ ನಾಲ್ಕುನೂರು ವರ್ಷಗಳು ಕಳೆದರೂ ಆ ದೋಷವು ಸತ್ತಿಲ್ಲ. ಬೆನ್ನುಮೂಳೆಗೆ ಪೆಟ್ಟುಬಿದ್ದ ಸೈನಿಕನು ಒಂದು ಮುಂಜಾನೆ ತನ್ನ ಹಿತ್ತಿಲಲ್ಲಿ ಗುದ್ದಲಿ ಹಿಡಿದರೆ, ನೆರೆಯವನ ಕಣ್ಣಿಗೆ ಗುದ್ದಲಿಯು ಕಾಣುವುದೇ ಹೊರತು ಅನಂತರದ ಮೂರು ದಿನಗಳ ಹಾಸಿಗೆಯು ಕಾಣುವುದಿಲ್ಲ.

ಇನ್ನು ಪೂರ್ವಪಕ್ಷವನ್ನು ನ್ಯಾಯವಾಗಿ ಕೇಳಬೇಕು. ಪುನಃಪರೀಕ್ಷೆ ಬೇಕೆನ್ನುವವರ ಮಾತು ಹೀಗೆ: ಬೊಕ್ಕಸವು ಅರಸನ ಸ್ವಂತದ್ದಲ್ಲ, ಪ್ರಜೆಗಳ ಬೆವರಿನದು. ಶರೀರವೆಂಬುದು ಕಲ್ಲಲ್ಲ, ಕೆಲವು ಗಾಯಗಳು ಮಾಯುವುವು, ಕೆಲವು ಉಲ್ಬಣಿಸುವುವು. ಮಾಯ್ದ ಗಾಯಕ್ಕೆ ಕೊಡುತ್ತಲೇ ಇದ್ದರೆ ಮಾಯದ ಗಾಯದವನ ಪಾಲು ಕುಗ್ಗುವುದು. ಸುಳ್ಳು ಹೇಳಿ ಪಡೆಯುವವರೂ ಲೋಕದಲ್ಲಿಲ್ಲದೆ ಇಲ್ಲ. ಅವರಿಂದ ನಿಜವಾದ ಯೋಧರ ಹೆಸರು ಕೆಡುವುದು. ಇದಲ್ಲದೆ ಪರೀಕ್ಷೆಯಿಂದ ಇಳಿಕೆಯೇ ಆಗಬೇಕೆಂದಿಲ್ಲ, ರೋಗವು ಹೆಚ್ಚಿದವನಿಗೆ ಏರಿಕೆಯೂ ಆಗುವುದು. ಈ ಮಾತುಗಳಲ್ಲಿ ಒಂದನ್ನೂ ಸುಳ್ಳೆಂದು ತಳ್ಳಿಹಾಕುವಂತಿಲ್ಲ.

ಪ್ರತಿಪಕ್ಷದವರು ಹೇಳುವುದೇನೆಂದರೆ: ಪ್ರಾಣವನ್ನು ಪಣವಾಗಿಡುವಾಗ ಯೋಧನನ್ನು ರಾಜ್ಯವು ಎರಡನೆಯ ಸಲ ವಿಚಾರಿಸಲಿಲ್ಲ, ಅನ್ನವನ್ನು ಕೊಡುವಾಗ ಮಾತ್ರ ಅವನನ್ನು ಮತ್ತೆ ಮತ್ತೆ ವಿಚಾರಿಸುವುದು ಕೃತಘ್ನತೆ. ಅದರಲ್ಲಿಯೂ ಕಣ್ಣಿಗೆ ಕಾಣದ ಗಾಯವುಳ್ಳವನ ಪಾಡು ವಿಶೇಷವಾಗಿ ಕಠಿನವಾದುದು. ಯುದ್ಧದ ಭೀಕರದೃಶ್ಯಗಳಿಂದ ಮನಸ್ಸಿಗೆ ತಗಲುವ ಆಘಾತವನ್ನು ಅಮೆರಿಕದ ಮನೋವೈದ್ಯರ ಸಂಘವು ಪ್ರತ್ಯೇಕವಾದ ಒಂದು ವ್ಯಾಧಿಯೆಂದು ತನ್ನ ಗ್ರಂಥದಲ್ಲಿ ಸೇರಿಸಿದುದು 1980ರಲ್ಲಿ. ಕಾಲು ಹೋದವನು ಹೋದ ಕಾಲನ್ನು ತೋರಿಸಿದರೆ ತೀರಿತು. ಮನಸ್ಸು ಮುರಿದವನಾದರೋ ತನ್ನ ವ್ಯಾಧಿಯನ್ನು ತೋರಿಸುವುದಕ್ಕಾಗಿ, ಮರೆಯಲೆಂದು ವರ್ಷಗಟ್ಟಲೆ ಹೆಣಗಿದ ರಾತ್ರಿಗಳನ್ನೆಲ್ಲ ಅಪರಿಚಿತನ ಮುಂದೆ ಮತ್ತೆ ಬದುಕಬೇಕಾಗುತ್ತದೆ.

ಈ ಎರಡು ಪಕ್ಷಗಳ ನಡುವೆ ನಿರ್ಣಯವಾಗಬೇಕಾದರೆ, ಕೊಡುವ ಆ ದ್ರವ್ಯದ ಸ್ವರೂಪವೇನೆಂಬುದನ್ನು ಮೊದಲು ಗೊತ್ತುಮಾಡಿಕೊಳ್ಳಬೇಕು. ಮಹಾಭಾರತದ ಸಭಾಪರ್ವದಲ್ಲಿ ನಾರದರು ಯುಧಿಷ್ಠಿರನ ರಾಜ್ಯಭಾರವನ್ನು ಕುರಿತು ಕೇಳುವ ಪ್ರಶ್ನೆಗಳ ದೀರ್ಘವಾದ ಸಾಲೊಂದಿದೆ. ರಾಜನಿಗಾಗಿ ಸತ್ತವರ, ರಾಜನಿಗಾಗಿ ಕಷ್ಟಕ್ಕೆ ಸಿಕ್ಕಿದವರ ಹೆಂಡಿರನ್ನು ಪೋಷಿಸುತ್ತಿರುವೆಯಷ್ಟೆ ಎಂಬುದು ಅಲ್ಲಿಯ ಒಂದು ಪ್ರಶ್ನೆ. ಕುರುಡರು, ಮೂಕರು, ಹೆಳವರು, ದಿಕ್ಕಿಲ್ಲದವರು ಇವರನ್ನು ತಂದೆಯಂತೆ ಕಾಪಾಡುತ್ತಿರುವೆಯಷ್ಟೆ ಎಂಬುದು ಮತ್ತೊಂದು. ಈ ಎರಡೂ ಒಂದೇ ಪ್ರಶ್ನೆಯಾಗಿ ಬಾರದೆ ಬೇರೆ ಬೇರೆಯಾಗಿ ಬಂದಿರುವುದು ಗಮನಿಸತಕ್ಕ ವಿಷಯ. ಎರಡನೆಯದು ದಯೆ. ಮೊದಲನೆಯದು ಋಣ. ದಯೆಯು ನೋಡುವುದು ಪಡೆಯುವವನ ದೈನ್ಯವನ್ನು; ಋಣವು ನೋಡುವುದು ತೆಗೆದುಕೊಂಡವನ ಬಾಧ್ಯತೆಯನ್ನು.

ಅಮೆರಿಕದ ಕಾನೂನಿನಲ್ಲಿಯೂ ಈ ಭೇದವು ಸ್ಪಷ್ಟವಾಗಿದೆ. ಸೇವೆಯಿಂದುಂಟಾದ ವೈಕಲ್ಯಕ್ಕೆ ಕೊಡುವ ಪರಿಹಾರಧನ ಬೇರೆ; ಯುದ್ಧಕಾಲದಲ್ಲಿ ಸೇವೆ ಮಾಡಿ ಈಗ ಬಡತನಕ್ಕೂ ಮುಪ್ಪಿಗೂ ಸಿಕ್ಕಿದವರಿಗೆ ಕೊಡುವ ಪಿಂಚಣಿ ಬೇರೆ. ಎರಡನೆಯದಕ್ಕೆ ಆಸ್ತಿ ಆದಾಯಗಳ ವಿಚಾರಣೆಯುಂಟು. ಮೊದಲನೆಯದಕ್ಕೆ ಇಲ್ಲ: ಲಕ್ಷಾಧೀಶನಾದರೂ ಕಳೆದುಹೋದ ಕೈಗೆ ಸಲ್ಲತಕ್ಕದ್ದು ಸಲ್ಲುವುದು. ಈ ಎರಡನ್ನೂ ಬೆರಸಿದರೆ ಏನಾಗುವುದೆಂಬುದಕ್ಕೆ ಆ ದೇಶದ ಚರಿತ್ರೆಯಲ್ಲಿಯೇ ಉದಾಹರಣೆಯಿದೆ. ಸ್ವಾತಂತ್ರ್ಯಯುದ್ಧದಲ್ಲಿ ಕಾದಿದ್ದ ಮುದುಕರಲ್ಲಿ ಸಹಾಯವಿಲ್ಲದೆ ನಡೆಯದವರಿಗೆ 1818ರಲ್ಲಿ ಪಿಂಚಣಿಯನ್ನು ಕೊಟ್ಟರು. ವೆಚ್ಚವು ಮಿತಿಮೀರಿತು, ಮೋಸ ನಡೆಯುತ್ತಿದೆಯೆಂಬ ಕೂಗೆದ್ದಿತು. 1820ರಲ್ಲಿ ಪ್ರತಿಯೊಬ್ಬನೂ ತನ್ನ ಆಸ್ತಿಯ ಪಟ್ಟಿಯನ್ನು ಕೊಡಬೇಕೆಂದು ಕಾನೂನಾಯಿತು. ಆ ಮುದುಕರು ತಮ್ಮ ಹಸು, ಅಡಿಗೆಯ ಪಾತ್ರೆಗಳನ್ನು ಕೂಡ ಬರೆದುಕೊಟ್ಟರು. ಅನೇಕರ ಹೆಸರುಗಳು ಹೊಡೆದುಹೋದುವು. ಅವರಲ್ಲಿ ಕೆಲವರನ್ನು ಮರಳಿ ಸೇರಿಸುವುದಕ್ಕೆ 1823ರಲ್ಲಿ ಇನ್ನೊಂದು ಕಾನೂನು ಬೇಕಾಯಿತು. ಋಣವನ್ನು ದಯೆಯೆಂದು ಕರೆದುಕೊಂಡ ರಾಜ್ಯಕ್ಕೆ ಪಾತ್ರೆಗಳನ್ನು ಎಣಿಸುವ ಅಧಿಕಾರವೂ ತನಗೆ ಬಂದಂತೆ ತೋರಿಬಿಡುತ್ತದೆ.

ಋಣಭಾವನೆಯು ಕನ್ನಡ ನಾಡಿಗೆ ಹೊಸದಲ್ಲ. ಕಾದಿ ಮಡಿದ ವೀರನ ಕುಟುಂಬಕ್ಕೆ ಬಿಟ್ಟ ಭೂಮಿಯನ್ನು ಶಾಸನಗಳು ನೆತ್ತರುಗೊಡಗೆ ಎಂದು ಕರೆಯುತ್ತವೆ. ಆ ಹೆಸರೇ ಸಾಕು. ಭೂಮಿಯು ಯಾವುದಕ್ಕೆ ಪ್ರತಿಯಾಗಿ ಬಂತೆಂಬುದನ್ನು ಅದು ಮುಚ್ಚುಮರೆಯಿಲ್ಲದೆ ಹೇಳುತ್ತದೆ. ಊರೂರಿನ ವೀರಗಲ್ಲುಗಳಲ್ಲಿ ಆ ವೀರರು ಇಂದಿಗೂ ನಿಂತಿದ್ದಾರೆ. ಆದರೆ ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಮಡಿದವನ ಋಣವನ್ನು ತೀರಿಸುವುದು ಒಂದು ರೀತಿಯಲ್ಲಿ ಸುಲಭ. ಅವನು ಇನ್ನು ಮಾರ್ಪಡುವುದಿಲ್ಲ. ಕಲ್ಲಿನಲ್ಲಿ ಕಡೆದ ವೀರನು ಗುಣಮುಖನಾಗುವುದಿಲ್ಲ, ಸಂದೇಹಕ್ಕೆ ಆಸ್ಪದ ಕೊಡುವುದಿಲ್ಲ, ಹಿತ್ತಿಲಲ್ಲಿ ಗುದ್ದಲಿ ಹಿಡಿಯುವುದಿಲ್ಲ. ಬದುಕಿ ಹಿಂದಿರುಗಿದವನಾದರೋ ಪ್ರತಿದಿನವೂ ಮಾರ್ಪಡುತ್ತಾನೆ: ಒಂದು ದಿನ ನಗುತ್ತಾನೆ, ಒಂದು ದಿನ ಏಳಲಾರದೆ ಮಲಗುತ್ತಾನೆ. ಸತ್ತವನನ್ನು ಪೂಜಿಸಿ ಬದುಕಿದವನನ್ನು ಶಂಕಿಸುವ ಪ್ರವೃತ್ತಿಯು ಎಲ್ಲ ಸಮಾಜಗಳಲ್ಲಿಯೂ ಇರುವುದಕ್ಕೆ ಇದೇ ಕಾರಣವಿರಬೇಕು. ಧರ್ಮದ ನಿಜವಾದ ಕಷ್ಟವಿರುವುದು ವೀರಗಲ್ಲಿನ ಮುಂದಲ್ಲ, ಊರುಗೋಲಿನ ಮುಂದೆ.

ಹಾಗಾದರೆ ಋಣವೆಂದ ಮಾತ್ರಕ್ಕೆ ಪರೀಕ್ಷೆಯೇ ಕೂಡದೆ? ಹಾಗಲ್ಲ. ಸಾಲಗಾರನಿಗೂ ಲೆಕ್ಕ ಕೇಳುವ ಹಕ್ಕುಂಟು. ಆದರೆ ಅವನು ಕೇಳುವ ರೀತಿ ಬೇರೆ. ಭಿಕ್ಷೆ ನೀಡುವವನು ಜಗಲಿಯ ಮೇಲೆ ಕುಳಿತು ಭಿಕ್ಷುಕನ ಜೋಳಿಗೆಯನ್ನು ಬಿಚ್ಚಿಸಿ ನೋಡಬಹುದು. ಸಾಲಗಾರನು ಸಾಹುಕಾರನ ಮನೆಗೆ ತಾನೇ ಹೋಗಿ, ನನ್ನಿಂದ ಇನ್ನೆಷ್ಟು ಬರತಕ್ಕದ್ದಿದೆ ಎಂದು ಕೇಳಬೇಕು. ಪುನಃಪರೀಕ್ಷೆಯಲ್ಲಿ ಸಾಲಗಾರನು ರಾಜ್ಯ, ಸಾಹುಕಾರನು ಸೈನಿಕ. ಈ ಸಂಬಂಧವನ್ನು ಮರೆಯದಿದ್ದರೆ ಪರೀಕ್ಷೆಯ ನಿಯಮಗಳು ತಾವಾಗಿಯೇ ಹೊರಡುತ್ತವೆ.

ಮೊದಲನೆಯದಾಗಿ, ಸಂದೇಹ ಬಂದಲ್ಲಿ ಅದರ ಲಾಭವು ಸೈನಿಕನಿಗೆ ಸಲ್ಲಬೇಕು. ಅಮೆರಿಕದ ಕಾನೂನು ಇದನ್ನು ಒಪ್ಪಿದೆ. ಭಾರತದ ಸರ್ವೋಚ್ಚ ನ್ಯಾಯಾಲಯವೂ 2013ರಲ್ಲಿ ಧರಮ್‌ವೀರ್ ಸಿಂಗ್ ಮೊಕದ್ದಮೆಯಲ್ಲಿ, ಸೈನ್ಯಕ್ಕೆ ಸೇರುವಾಗ ಯಾವ ರೋಗವನ್ನೂ ಬರೆದಿಡದಿದ್ದರೆ ಅವನು ಆರೋಗ್ಯವಂತನೆಂದೇ ಭಾವಿಸತಕ್ಕದ್ದು, ಆಮೇಲೆ ಕಂಡ ಕೇಡು ಸೇವೆಯಿಂದಲೇ ಆಯಿತೆಂದು ಸಾಧಿಸುವ ಹೊಣೆಯು ಸೈನಿಕನ ಮೇಲಿಲ್ಲ ಎಂದು ಎತ್ತಿಹಿಡಿಯಿತು. ಎರಡನೆಯದಾಗಿ, ಒಂದು ದಿನದ ನೋಟವನ್ನು ನಂಬಬಾರದು. ಏರಿಳಿತವುಳ್ಳ ವ್ಯಾಧಿಗಳಲ್ಲಿ, ಐದು ವರ್ಷ ಅಥವಾ ಹೆಚ್ಚುಕಾಲ ನಡೆದುಬಂದ ದರ್ಜೆಯನ್ನು ಒಂದೇ ಪರೀಕ್ಷೆಯ ಮೇಲೆ ಇಳಿಸಕೂಡದು, ಸ್ಥಿರವಾದ ಸುಧಾರಣೆಯು ಎಲ್ಲ ಸಾಕ್ಷ್ಯದಿಂದಲೂ ಸ್ಪಷ್ಟವಾಗಿದ್ದರೆ ಮಾತ್ರ ಇಳಿಸಬಹುದು ಎಂಬುದು ಅಮೆರಿಕದ ನಿಯಮ. ಮೂರನೆಯದಾಗಿ, ಇಳಿಸುವ ಮುನ್ನ ತಿಳಿಸಬೇಕು. ಅಲ್ಲಿ ವೇತನವು ತಗ್ಗುವಂತಿದ್ದರೆ ಮೊದಲು ನೋಟೀಸು ಕೊಟ್ಟು, ಎದುರು ಸಾಕ್ಷ್ಯವನ್ನು ತರುವುದಕ್ಕೆ 60 ದಿನಗಳ ಅವಧಿಯನ್ನು ಕೊಡುತ್ತಾರೆ.

ನಾಲ್ಕನೆಯದು ಎಲ್ಲಕ್ಕಿಂತಲೂ ಮುಖ್ಯ: ಪರೀಕ್ಷೆಗೆ ಒಂದು ಕೊನೆಯಿರಬೇಕು. ಕೊನೆಯಿಲ್ಲದ ಪರೀಕ್ಷೆಯು ಪರೀಕ್ಷೆಯಲ್ಲ, ಶಿಕ್ಷೆ. ಶಾಶ್ವತವಾದ ವೈಕಲ್ಯವುಳ್ಳವರನ್ನೂ, ವಿಶೇಷ ಕಾರಣವಿಲ್ಲದಿದ್ದರೆ 55 ವರ್ಷ ಮೀರಿದವರನ್ನೂ ಅಮೆರಿಕದಲ್ಲಿ ಮತ್ತೆ ಮತ್ತೆ ಕರೆಯುವಂತಿಲ್ಲ. ಇಪ್ಪತ್ತು ವರ್ಷ ಎಡೆಬಿಡದೆ ನಡೆದ ದರ್ಜೆಯನ್ನು, ಮೋಸವು ಸಾಬೀತಾದ ಹೊರತು, ಆ ಮಟ್ಟದಿಂದ ಕೆಳಗಿಳಿಸುವಂತಿಲ್ಲ. ಭಾರತದಲ್ಲಿಯೂ ನಿಯತಕಾಲಕ್ಕೆ ವೈದ್ಯಮಂಡಲಿಯ ಮುಂದೆ ಹಾಜರಾಗುವ ಪದ್ಧತಿಯಿದ್ದಿತು. 2001ರಲ್ಲಿ ಹೊರಟ ಸರ್ಕಾರದ ಆದೇಶವು ಅದನ್ನು ನಿಲ್ಲಿಸಿ, ಶಾಶ್ವತವೆಂದು ಒಮ್ಮೆ ನಿರ್ಣಯವಾದ ವೈಕಲ್ಯವು, ಸೈನಿಕನೇ ಕೇಳಿಕೊಂಡ ಹೊರತು, ಜೀವಮಾನಕ್ಕೆ ಅಂತಿಮವೆಂದೂ, ಶಾಶ್ವತವಲ್ಲದ್ದಕ್ಕೆ ಒಂದೇ ಒಂದು ಮರುಪರೀಕ್ಷೆಯೆಂದೂ ವಿಧಿಸಿತು. ಕೊಡಗಿನಿಂದ ಬೆಳಗಾವಿಯವರೆಗೆ ಸೈನ್ಯಕ್ಕೆ ಮಕ್ಕಳನ್ನು ಕಳುಹಿಸಿದ ಮನೆಗಳಿಗೆ ಆ ಆದೇಶದ ಬೆಲೆಯೇನೆಂಬುದನ್ನು ವಿವರಿಸಬೇಕಾಗಿಲ್ಲ.

ರಾಜ್ಯದ ಧರ್ಮವಾಯಿತು, ಸೈನಿಕನ ಧರ್ಮವೇನು? ಸತ್ಯ. ಆದರೆ ಇಲ್ಲಿ ಸತ್ಯವು ತೋರುವಷ್ಟು ಸುಲಭವಲ್ಲ. ನೋವನ್ನು ಹೆಚ್ಚಿಸಿ ಹೇಳುವುದು ಅಸತ್ಯವೆಂಬುದು ಎಲ್ಲರಿಗೂ ತಿಳಿದಿದೆ. ಅದರಿಂದ ಮುಂದೆ ಬರುವ ನಿಜವಾದ ನೊಂದವನ ಮಾತೂ ನಂಬಿಕೆಯನ್ನು ಕಳೆದುಕೊಳ್ಳುವುದು. ಆದರೆ ನೋವನ್ನು ಕಡಮೆ ಮಾಡಿ ಹೇಳುವುದೂ ಅಸತ್ಯವೇ ಎಂಬುದು ಹಲವರಿಗೆ ಹೊಳೆಯುವುದಿಲ್ಲ. ದಂಡಿನಲ್ಲಿ ಬೆಳೆದವನಿಗೆ ನೋವನ್ನು ನುಂಗುವುದೇ ವಿದ್ಯೆ. ವೈದ್ಯನು ಕೋಣೆಗೆ ಬಂದು, ಹೇಗಿದ್ದೀರಿ ಎಂದರೆ, ಚೆನ್ನಾಗಿದ್ದೇನೆ ಎಂದು ಬಾಯಿಗೆ ಬಂದುಬಿಡುತ್ತದೆ. ಜಗಲಿಯಲ್ಲಿ ಆ ಮಾತು ಸೌಜನ್ಯ. ಪರೀಕ್ಷೆಯ ಕೋಣೆಯಲ್ಲಿ ಅದು ಸಾಕ್ಷ್ಯ. ಸಾಕ್ಷಿಯಾಗಿ ನಿಂತವನಿಗೆ ಸೌಜನ್ಯಕ್ಕಾಗಿಯಾಗಲಿ ಅಭಿಮಾನಕ್ಕಾಗಿಯಾಗಲಿ ಕಂಡದ್ದನ್ನು ಮರೆಮಾಡುವ ಹಕ್ಕಿಲ್ಲ. ಆ ಸಾಕ್ಷ್ಯವು ತನ್ನ ಮೈಯನ್ನೇ ಕುರಿತದ್ದಾದರೂ ಸರಿಯೆ. ಒಳ್ಳೆಯ ದಿನಗಳೆಷ್ಟು, ಕೆಟ್ಟ ದಿನಗಳೆಷ್ಟು, ಕೆಟ್ಟ ದಿನದಲ್ಲಿ ಯಾವ ಕೆಲಸ ನಿಂತುಹೋಗುವುದು ಎಂಬುದನ್ನು ಇದ್ದಂತೆ ಹೇಳುವುದು ದೈನ್ಯವಲ್ಲ. ಅದನ್ನು ಹೇಳಲು ಬೇಕಾದ ಧೈರ್ಯವು ಗುಂಡಿನ ಮುಂದೆ ನಿಲ್ಲುವುದಕ್ಕೆ ಬೇಕಾದುದಕ್ಕಿಂತ ಬೇರೆ ಬಗೆಯದು, ಅಷ್ಟೆ.

ಇನ್ನೊಂದು ಪ್ರಶ್ನೆ ಉಳಿದಿದೆ. ಎಲ್ಲಕ್ಕಿಂತ ಕಠಿನವಾದದ್ದು ಅದೇ. ಸೈನಿಕನಿಗೆ ನಿಜವಾಗಿಯೂ ಗುಣವಾಗಿದ್ದರೆ? ಆರೋಗ್ಯವು ಮನುಷ್ಯನಿಗೆ ಸಹಜವಾಗಿ ಸಂತೋಷದ ವಾರ್ತೆ. ಈ ವ್ಯವಸ್ಥೆಯಲ್ಲಾದರೋ ಅದು ನಷ್ಟದ ವಾರ್ತೆಯೂ ಆಗಿಬಿಡುತ್ತದೆ. ತನ್ನ ಮೈ ಚೇತರಿಸುವುದನ್ನು ತಾನೇ ಭಯದಿಂದ ನೋಡುವಂತಾದರೆ, ಅದೂ ಯುದ್ಧವು ಮಾಡಿದ ಒಂದು ಗಾಯವೇ ಸರಿ. ಆದರೂ ಆತನು ಗುಣವನ್ನು ಮುಚ್ಚಿಡಬಾರದು. ಮುಚ್ಚಿಟ್ಟವನು ದಿನದಿನವೂ ರೋಗಿಯಂತೆ ನಟಿಸಬೇಕಾಗುವುದು. ನಟಿಸುತ್ತ ನಟಿಸುತ್ತ ಸಿಕ್ಕಿದ ಆರೋಗ್ಯವನ್ನು ಅನುಭವಿಸದೆ ಕಳೆದುಕೊಳ್ಳುವನು. ಇದಕ್ಕೆ ಪ್ರತಿಯಾಗಿ ರಾಜ್ಯವೂ ಒಂದನ್ನು ನೆನಪಿಡಬೇಕು. ಅದು ಅಳೆಯುತ್ತಿರುವುದು ಸಂಪಾದನೆಯ ನಷ್ಟವನ್ನು ಮಾತ್ರ. ಅನುಭವಿಸಿದ ವರ್ಷಗಳ ನೋವು ಯಾವ ಪಟ್ಟಿಯಲ್ಲಿಯೂ ಇಲ್ಲ. ಅಂಕೆಯು ಇಳಿದ ದಿನ ಋಣದ ಒಂದು ಕಂತು ಮುಗಿಯಬಹುದು, ಋಣವೇ ಮುಗಿಯಿತೆಂದು ಅರ್ಥವಲ್ಲ. ಆದ್ದರಿಂದ ಇಳಿಸಬೇಕಾದಾಗಲೂ ನಿಧಾನವಾಗಿ, ಮನೆಯು ನಡುಗದಂತೆ ಇಳಿಸುವುದು ಯುಕ್ತ.

ದರ್ಜೆಯನ್ನು ಗೊತ್ತುಮಾಡುವ ಅಮೆರಿಕದ ಅಧಿಕಾರಿಗಳಿಗೆ ಒಂದು ಚಿಕ್ಕ ನಿಯಮವಿದೆ. ಎದುರು ನಿಂತವನು ಕೋಪದಿಂದ ಮಾತನಾಡಿದರೂ, ನಿಂದಿಸಿದರೂ ಕೂಡ ಅದು ನಿರ್ಣಯವನ್ನು ಮುಟ್ಟಬಾರದು. ಬಂದವರಲ್ಲಿ ಹೆಚ್ಚಿನವರು ತಮಗೆ ಸಲ್ಲತಕ್ಕದ್ದೆಂದು ನಂಬಿದುದನ್ನು ಕೇಳಲು ಬಂದ ವಿಕಲರೆಂಬುದನ್ನು ನೆನಪಿನಲ್ಲಿಡತಕ್ಕದ್ದು ಎಂಬುದು ಅದರ ಭಾವ. ಕಾನೂನಿನ ಪುಸ್ತಕದಲ್ಲಿ ಇಂತಹ ಮಾತು ಅಪರೂಪ. ಅದನ್ನು ಅಧಿಕಾರಿಗಳಿಗೆ ಮಾತ್ರ ಬಿಟ್ಟುಕೊಡಬೇಕಾಗಿಲ್ಲ. ಅಥೆನ್ಸಿನ ಆ ವಿಕಲನ ಮೇಲೆ ದೂರು ಕೊಟ್ಟವನು ರಾಜ್ಯದ ನೌಕರನಲ್ಲ, ಅದೇ ಊರಿನ ನಿವಾಸಿ. ಪರೀಕ್ಷೆಯ ಕೋಣೆಯು ವರ್ಷಕ್ಕೊಮ್ಮೆಯೋ ಐದು ವರ್ಷಕ್ಕೊಮ್ಮೆಯೋ ತೆರೆಯುವುದು. ನೆರೆಹೊರೆಯವರ ಕಣ್ಣಾದರೋ ದಿನವೂ ತೆರೆದೇ ಇರುವುದು. ಸಿಪಾಯಿಯೊಬ್ಬನು ಕುಂಟದೆ ನಡೆದ ದಿನ, ಹಾಗಾದರೆ ಇವನಿಗೆ ವೇತನವೇಕೆ ಎಂದು ಪಿಸುಗುಟ್ಟುವ ಬದಲು, ಇಂದು ಇವನಿಗೆ ಒಳ್ಳೆಯ ದಿನವಾಗಿದೆ ಎಂದು ಸಂತೋಷಪಡುವಷ್ಟು ಔದಾರ್ಯವು ಮನೆಮನೆಗಳಲ್ಲಿಯೂ ಬೆಳೆದರೆ, ರಾಜ್ಯದ ಪರೀಕ್ಷೆಯ ಭಾರವು ಅರ್ಧದಷ್ಟು ಇಳಿದಂತಾಗುವುದು.